ಆಟಿಸಂ ಮಕ್ಕಳ ಕುಟುಂಬಗಳಿಗಾಗಿ ಜಾಲತಾಣ ವಿನ್ಯಾಸ

ಆಟಿಸಂ (ಸ್ವಲೀನತೆ) ಇರುವ ಮಕ್ಕಳ ಕುಟುಂಬಗಳಿಗಾಗಿ ಜಾಲತಾಣ ವಿನ್ಯಾಸ ಎಂದರೆ ತಪಾಸಣೆ, ತರಬೇತಿ, ಶಿಕ್ಷಣ ಹಾಗೂ ಸರ್ಕಾರಿ ಸೌಲಭ್ಯಗಳ ಮಾಹಿತಿಯನ್ನು ಪೋಷಕರೂ ಮಕ್ಕಳೂ ಸುಲಭವಾಗಿ ಓದಿ ಬಳಸುವಂತೆ ರೂಪಿಸುವ ವಿಧಾನ. ಇದು ಜಾಲ ಸುಗಮ್ಯತೆಯ ಒಂದು ಭಾಗವಾಗಿದೆ.

ಹಿನ್ನೆಲೆ

ಆಟಿಸಂ ಎಂಬುದು ಸಂವಹನ, ಸಾಮಾಜಿಕ ಒಡನಾಟ ಮತ್ತು ವರ್ತನೆಯ ಮೇಲೆ ಪರಿಣಾಮ ಬೀರುವ, ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಲಿಯೋ ಕ್ಯಾನರ್ 1943ರಲ್ಲಿ ಇದನ್ನು ವಿವರಿಸಿದರು. ಭಾರತದಲ್ಲಿ ಆಟಿಸಂ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಪ್ತಿಗೆ ಸೇರಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಅದನ್ನು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹೆಸರಿಸಿತು. ಇದೇ ಕಾಯ್ದೆಯ 42ನೇ ಕಲಮು ವಿದ್ಯುನ್ಮಾನ ಮಾಹಿತಿಯು ಎಲ್ಲರಿಗೂ ಎಟುಕುವಂತಿರಲು ಸರ್ಕಾರವು ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ.

ಮಂಡ್ಯ ಜಿಲ್ಲೆಯಲ್ಲಿ ಅಗತ್ಯ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಗೆ ಸಮೀಪದ ಪ್ರಮುಖ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್). 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿಯೂ ಸೇವಾಕೇಂದ್ರವನ್ನು ತೆರೆದಿದೆ. ವ್ಯವಸಾಯ ಮತ್ತು ಕೂಲಿಯನ್ನು ನಂಬಿದ ಕುಟುಂಬವೊಂದು ಮಗುವನ್ನು ಕರೆದುಕೊಂಡು ಹೋದ ದಿನ ಸೇವೆ ದೊರೆಯದಿದ್ದರೆ, ಅಥವಾ ದಾಖಲೆಯೊಂದನ್ನು ಮರೆತಿದ್ದರೆ, ಬಸ್ಸಿನ ಖರ್ಚಿನೊಂದಿಗೆ ಆ ದಿನದ ದುಡಿಮೆಯೂ ನಷ್ಟವಾಗುತ್ತದೆ. ಆದ್ದರಿಂದ ಸೇವೆಯ ದಿನ, ಸಮಯ, ತರಬೇಕಾದ ದಾಖಲೆ ಮತ್ತು ದೂರವಾಣಿ ಸಂಖ್ಯೆ ಮೊದಲ ಪುಟದಲ್ಲಿಯೇ ಕನ್ನಡದಲ್ಲಿ ಇರುವುದು ಮುಖ್ಯ.

ವಿನ್ಯಾಸದ ತತ್ತ್ವಗಳು

ವಿಶ್ವವ್ಯಾಪಿ ಜಾಲ ಒಕ್ಕೂಟದ ಸುಗಮ್ಯತಾ ಮಾರ್ಗಸೂಚಿಗಳ 2.2ನೇ ಆವೃತ್ತಿ 2023ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಈ ಕುಟುಂಬಗಳಿಗೆ ಉಪಯುಕ್ತವಾದವು:

• ಸಾಮಾನ್ಯ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ವರ್ಣವ್ಯತ್ಯಾಸ.
• ತಾನಾಗಿ ಆರಂಭವಾಗಿ 3 ಸೆಕೆಂಡಿಗಿಂತ ಹೆಚ್ಚು ಕೇಳಿಸುವ ಧ್ವನಿಯನ್ನು ನಿಲ್ಲಿಸುವ ಸೌಲಭ್ಯ. ಸದ್ದಿಗೆ ಬೆಚ್ಚುವ ಮಕ್ಕಳಿಗೆ ಇದು ಅತ್ಯಗತ್ಯ.
• ತಾನಾಗಿ 5 ಸೆಕೆಂಡಿಗಿಂತ ಹೆಚ್ಚು ಚಲಿಸುವ ಚಿತ್ರವನ್ನು ತಡೆಯುವ ಅವಕಾಶ.
• ಸಹಾಯದ ಕೊಂಡಿ ಎಲ್ಲ ಪುಟಗಳಲ್ಲೂ ಒಂದೇ ಸ್ಥಾನದಲ್ಲಿರುವುದು.

ಮಗುವಿನೊಂದಿಗೆ ಸಂಸ್ಥೆಗೆ ಹೋಗುವ ಮುನ್ನ ಅಲ್ಲಿನ ಬಾಗಿಲು, ಕೊಠಡಿ ಮತ್ತು ಉಪಕರಣಗಳ ಚಿತ್ರಗಳನ್ನು ಕ್ರಮವಾಗಿ ತೋರಿಸಿದರೆ ಅಪರಿಚಿತ ಸ್ಥಳದ ಭಯ ಕಡಿಮೆಯಾಗಬಹುದು.

ಕನ್ನಡದ ವಿಶೇಷ ಅಂಶಗಳು

ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚಿನ ಅಂತರ ಬೇಕು. ಸುತ್ತೋಲೆಯನ್ನು ಚಿತ್ರರೂಪದಲ್ಲಿ ಅಥವಾ ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಹಾಕಿದರೆ ಅದನ್ನು ಹುಡುಕುವುದೂ ತಂತ್ರಾಂಶದ ಮೂಲಕ ಗಟ್ಟಿಯಾಗಿ ಓದಿಸುವುದೂ ಕಷ್ಟ. ಓದು ಬಾರದ ಪೋಷಕರಿಗೆ ಧ್ವನಿರೂಪದ ಮಾಹಿತಿ ನೆರವಾಗುತ್ತದೆ.

ಸೌಲಭ್ಯಗಳ ಮಾಹಿತಿ

ಇಂತಹ ತಾಣದಲ್ಲಿ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಪಡೆಯುವ ಕ್ರಮ ಹಾಗೂ ರಾಷ್ಟ್ರೀಯ ನ್ಯಾಸದ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯ ವಿವರ ಇರಬೇಕಾಗುತ್ತದೆ. ಆಟಿಸಂ ಅನ್ನು ಪೂರ್ಣವಾಗಿ ಗುಣಪಡಿಸುವುದಾಗಿ ಹೇಳುವ ಜಾಹೀರಾತುಗಳಿಗೆ ಅಲ್ಲಿ ಸ್ಥಾನವಿರಬಾರದು. ಬೇಗ ಆರಂಭಿಸಿದ ತರಬೇತಿಯು ಮಗುವಿನ ಮಾತು ಮತ್ತು ಸ್ವಾವಲಂಬನೆಗೆ ಸಹಕಾರಿಯಾಗುತ್ತದೆ.