ದೌಲತಾಬಾದಿನ ನಗಾರಿಯಿಂದ ಕೈಯೊಳಗಿನ ವಾಕಿಟಾಕಿಯವರೆಗೆ

ನಾಸಿಕದಲ್ಲಿ ನೌಕರಿಯಲ್ಲಿರುವ ನನ್ನ ಅಣ್ಣನ ಮಗ ಮೊನ್ನೆ ಫೋನು ಮಾಡಿದ್ದ. “ಚಿಕ್ಕಪ್ಪಾ, 2027ರ ಸಿಂಹಸ್ಥಕ್ಕೆ ಅಜ್ಜಿಯನ್ನು ಕರಕೊಂಡು ಬನ್ನಿ. ಒಂದು ಜೋಡಿ ವಾಕಿಟಾಕಿ ಕೊಳ್ಳುತ್ತೇನೆ. ಒಂದು ನಿಮ್ಮ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಹತ್ತು ಕಿಲೋಮೀಟರು ಮಾತು ಮುಟ್ಟುತ್ತದಂತೆ. ಸ್ನಾನ ಮುಗಿದ ಮೇಲೆ ಎರಡು ಕಾರಿನಲ್ಲಿ ಸಂಭಾಜಿನಗರಕ್ಕೆ ಹೋಗಿ ಎಲ್ಲೋರ, ದೌಲತಾಬಾದು ನೋಡಿ ಬರೋಣ” ಎಂದ. ಅವನ ಅಜ್ಜಿಯೆಂದರೆ ನನ್ನ ತಾಯಿ, ಎಂಬತ್ತು ದಾಟಿದವರು. ಲಕ್ಷಾಂತರ ಜನರ ನಡುವೆ ಅವರ ಕೈ ತಪ್ಪಿದರೆ ಎಂಬ ಹೆದರಿಕೆ ಅವನಿಗೂ ಇದೆ, ನನಗೂ ಇದೆ. ಆ ಹೆದರಿಕೆಯನ್ನು ಒಂದು ಪುಟ್ಟ ಯಂತ್ರದ ಮೇಲೆ ಹೊರಿಸಬಹುದೇ? ಹೂಂ ಎನ್ನುವ ಮೊದಲು ಆ ಯಂತ್ರದ ಪೂರ್ವಚರಿತ್ರೆಯನ್ನು ನೋಡೋಣವೆನಿಸಿತು. ಅವನು ತೋರಿಸಬೇಕೆಂದಿರುವ ದೌಲತಾಬಾದಿನಿಂದಲೇ ಆರಂಭಿಸಬಹುದು.

ದೌಲತಾಬಾದು ಎಂದರೆ ನಮ್ಮ ದೇವಗಿರಿ. ಕನ್ನಡದಲ್ಲಿ ಅನೇಕ ಶಾಸನಗಳನ್ನು ಬರೆಸಿದ ಸೇವುಣರ ರಾಜಧಾನಿ. 1327ರ ಸುಮಾರಿಗೆ ಮಹಮದ್ ಬಿನ್ ತುಘಲಕ್ ದಿಲ್ಲಿಯಿಂದ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದ ಕಥೆ ಎಲ್ಲರಿಗೂ ಗೊತ್ತು. ಸಾವಿರ ಕಿಲೋಮೀಟರಿಗೂ ಹೆಚ್ಚು ಅಂತರದ ಎರಡು ರಾಜಧಾನಿಗಳ ನಡುವೆ ಸುದ್ದಿ ಹೇಗೆ ಓಡುತ್ತಿತ್ತು? ಅದೇ ಶತಮಾನದ ಅರಬ್ಬೀ ಗ್ರಂಥಕಾರ ಅಲ್-ಉಮರಿ ಇದನ್ನು ವರ್ಣಿಸಿದ್ದಾನೆ. ದಾರಿಯುದ್ದಕ್ಕೂ ಇದ್ದ ಠಾಣೆಗಳಲ್ಲಿ ನಗಾರಿಗಳನ್ನಿಟ್ಟಿದ್ದರು. ಒಂದು ಊರಿನಲ್ಲಿ ಕೋಟೆಯ ಬಾಗಿಲು ತೆರೆದರೆ ಅಥವಾ ಮುಚ್ಚಿದರೆ ಅಲ್ಲಿಯ ನಗಾರಿ ಬಡಿಯುತ್ತಿತ್ತು. ಅದನ್ನು ಕೇಳಿ ಮುಂದಿನ ಠಾಣೆಯದು, ಅದನ್ನು ಕೇಳಿ ಅದರ ಮುಂದಿನದು. ಓಲೆಯನ್ನು ಒಯ್ಯಲು ಗೆಜ್ಜೆಕೋಲು ಹಿಡಿದು ಓಡುವ ಅಂಚೆಯಾಳುಗಳು ಬೇರೆ ಇದ್ದರು; ಇಬ್ನ್ ಬತೂತಾ ಅವರನ್ನು ಕಣ್ಣಾರೆ ಕಂಡು ಬರೆದಿದ್ದಾನೆ.

ಈ ಏರ್ಪಾಡಿನಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ನಗಾರಿ ಸುಲ್ತಾನನದು, ಪ್ರಜೆಯದಲ್ಲ. ಎರಡನೆಯದು, ನಗಾರಿಯ ಸದ್ದು ಎಷ್ಟು ದೂರ ಕೇಳೀತೆಂಬುದನ್ನು ನೆಲ ನಿರ್ಧರಿಸುತ್ತಿತ್ತು, ಸುಲ್ತಾನನ ಅಪ್ಪಣೆಯಲ್ಲ. ಯಂತ್ರ ಯಾರದು, ನೆಲ ಎಂಥದು ಎಂಬ ಇವೆರಡು ಪ್ರಶ್ನೆಗಳೇ ವಾಕಿಟಾಕಿಯ ಚರಿತ್ರೆಯಲ್ಲೂ ಉದ್ದಕ್ಕೂ ಬರುತ್ತವೆ.

ಅಂಗೈಯಲ್ಲಿ ಹಿಡಿದು ಮಾತಾಡುವ ರೇಡಿಯೋ ಹುಟ್ಟಿದ್ದು ಎರಡನೆಯ ಮಹಾಯುದ್ಧಕ್ಕಾಗಿ. ಅಮೆರಿಕದ ಸೈನ್ಯಕ್ಕೆ 1941ರಲ್ಲಿ ಗ್ಯಾಲ್ವಿನ್ ಕಂಪನಿ, ಅಂದರೆ ಮುಂದೆ ಮೊಟೊರೋಲ ಎಂದು ಹೆಸರಾದದ್ದು, ಎರಡು ಕಿಲೋಗ್ರಾಮಿಗೂ ಮೀರಿದ ತೂಕದ ಒಂದು ಸೆಟ್ಟನ್ನು ಮಾಡಿಕೊಟ್ಟಿತು. ಅದರ ಶಕ್ತಿ ಅರ್ಧ ವ್ಯಾಟಿಗಿಂತ ಕಡಿಮೆ. ನೆಲದ ಮೇಲೆ ಮಾತು ಮುಟ್ಟುತ್ತಿದ್ದುದು ಒಂದು ಮೈಲಿಯ ಆಸುಪಾಸು. ಆಗ ಅದನ್ನು ಕರೆಯುತ್ತಿದ್ದುದು ಹ್ಯಾಂಡಿಟಾಕಿ ಎಂದು. ವಾಕಿಟಾಕಿ ಎಂಬ ಹೆಸರು ಬೆನ್ನಿಗೆ ಕಟ್ಟಿಕೊಂಡು ನಡೆಯುವ ಭಾರದ ಸೆಟ್ಟಿನದು. ಕಾಲಕ್ರಮದಲ್ಲಿ ಬೆನ್ನಿನ ಹೆಸರು ಕೈಗೆ ಬಂತು.

ನಮ್ಮ ದೇಶದಲ್ಲಿ ಈ ವಿದ್ಯೆ ಬಹುಕಾಲ ಸುಲ್ತಾನನ ನಗಾರಿಯಾಗಿಯೇ ಉಳಿಯಿತು. 1885ರ ತಂತಿ ಕಾಯಿದೆಯ ಪ್ರಕಾರ ದೂರಕ್ಕೆ ಸುದ್ದಿ ಕಳಿಸುವ ಏರ್ಪಾಡೆಲ್ಲ ಸರ್ಕಾರದ ಏಕಸ್ವಾಮ್ಯ. 1933ರ ನಿಸ್ತಂತು ಕಾಯಿದೆ ಇನ್ನೂ ಮುಂದೆ ಹೋಗಿ, ಲೈಸೆನ್ಸಿಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧ ಎಂದಿತು. ನಮ್ಮ ಹಿರಿಯರು ಮನೆಯ ರೇಡಿಯೋ ಕೇಳುವುದಕ್ಕೂ ಪ್ರತಿವರ್ಷ ಅಂಚೆಕಚೇರಿಗೆ ಪುಸ್ತಕ ಒಯ್ದು ಹಣ ಕಟ್ಟಿ ಮುದ್ರೆ ಹಾಕಿಸಿಕೊಳ್ಳುತ್ತಿದ್ದುದನ್ನು ಹಲವರು ನೆನೆಸಿಕೊಳ್ಳಬಹುದು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ.

ಹಾಗೆಂದು ಪ್ರಜೆಗಳು ಸುಮ್ಮನೆ ಕೂತಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಕೇವಲ 30 ವ್ಯಾಟಿನ ಯಂತ್ರದಲ್ಲಿ ಬಾನುಲಿ ಪ್ರಸಾರ ಆರಂಭಿಸಿದರು. ಅದು ಒಮ್ಮುಖದ ಮಾತು, ನಿಜ. ಆದರೆ ಅಲ್ಲಿ ಹುಟ್ಟಿದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶ ತನ್ನದಾಗಿಸಿಕೊಂಡಿತು. ಪರಸ್ಪರ ಮಾತಾಡುವ ಹವ್ಯಾಸಿಗಳಿಗೂ ಲೈಸೆನ್ಸು ದೊರೆಯುತ್ತಿತ್ತು. ಆದರೆ 1939ರಲ್ಲಿ ಯುದ್ಧ ಬಂದೊಡನೆ ಅವರ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. 1942ರಲ್ಲಿ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಮನೆಯಿಂದ ಮನೆಗೆ ಯಂತ್ರ ಸಾಗಿಸುತ್ತ ಕಾಂಗ್ರೆಸ್ ರೇಡಿಯೋ ನಡೆಸಿದ್ದು ಇದೇ ಕಾಲದಲ್ಲಿ. ಆ ಧೈರ್ಯಕ್ಕೆ ತೆತ್ತ ಬೆಲೆ ಸೆರೆಮನೆ.

ಸ್ವಾತಂತ್ರ್ಯದ ನಂತರ 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. ಸೈನ್ಯದ ರೇಡಿಯೋ ಸೆಟ್ಟುಗಳನ್ನು ಕನ್ನಡನಾಡಿನ ಕೈಗಳು ಜೋಡಿಸಿದವು. ಸಾಮಾನ್ಯ ಸಂಸಾರಿಗೆ ಮಾತ್ರ ವಾಕಿಟಾಕಿ ಎಂದರೆ ಜಾತ್ರೆಯಲ್ಲಿ ಫೌಜುದಾರರ ಕೈಯಲ್ಲಿ ಕಾಣುವ ವಸ್ತುವಾಗಿಯೇ ಉಳಿಯಿತು. ಬಾಗಿಲು ಸ್ವಲ್ಪ ತೆರೆದದ್ದು ಈ ಶತಮಾನದಲ್ಲಿ. 2005ರಲ್ಲಿ 27 ಮೆಗಾಹರ್ಟ್ಸ್ ಸುತ್ತಲಿನ ‘ನಾಗರಿಕ ಪಟ್ಟಿ’ಗೆ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿತು, 2018ರ ನಿಯಮಗಳಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ಸೆಟ್ಟುಗಳಿಗೂ ಸಿಕ್ಕಿತು. ಪ್ರಜೆಗೂ ಒಂದು ಪುಟ್ಟ ನಗಾರಿ ದೊರೆತಂತಾಯಿತು.

ಇನ್ನು ನನ್ನ ಮಗನಂಥ ಹುಡುಗನ ಹತ್ತು ಕಿಲೋಮೀಟರಿನ ಮಾತು. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಹೋಗುತ್ತವೆ. ಭೂಮಿ ದುಂಡಗಿರುವುದರಿಂದ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಹಿಡಿದ ಸೆಟ್ಟಿನ ದಿಗಂತ ಸುಮಾರು 5 ಕಿಲೋಮೀಟರು. ಎದುರಿನವನದೂ ಐದು ಸೇರಿದರೆ ಹತ್ತು. ಆದರೆ ಮಧ್ಯೆ ಮರ, ಮನೆ, ದಿಬ್ಬ ಯಾವುದೂ ಇರಕೂಡದು. ಪಂಚವಟಿಯ ಓಣಿಗಳಲ್ಲಿ ಅಂಥ ಬಯಲು ಎಲ್ಲಿದೆ? ಕಟ್ಟಡಗಳ ನಡುವೆ ಒಂದು ಕಿಲೋಮೀಟರು ಮುಟ್ಟಿದರೆ ಹೆಚ್ಚು. ಅದೇ ಸೆಟ್ಟನ್ನು ಬಯಲಿನಿಂದ ಸುಮಾರು 180 ಮೀಟರು ಮೇಲಿರುವ ದೇವಗಿರಿಯ ನೆತ್ತಿಗೆ ಒಯ್ಯಿರಿ. ದಿಗಂತ 55 ಕಿಲೋಮೀಟರಿಗೆ ಹಿಗ್ಗುತ್ತದೆ. ಸೇವುಣರು ಬೆಟ್ಟವನ್ನು ಆರಿಸಿದ್ದು ಸುಮ್ಮನೆ ಅಲ್ಲ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಅಂಕಿಗಿಂತ ನಾವು ನಿಂತ ಜಾಗ ದೊಡ್ಡದು.

ಕೊಳ್ಳುವವರು ನೋಡಬೇಕಾದ ಇನ್ನೊಂದು ಅಂಕಿ ತರಂಗಾಂತರದ್ದು. ಸೆಟ್ಟು 446.0–446.2 ಪಟ್ಟಿಯದೇ, ಅದಕ್ಕೆ ಕೇಂದ್ರದ ನಿಸ್ತಂತು ವಿಭಾಗದ ಒಪ್ಪಿಗೆಯ ಪ್ರಮಾಣಪತ್ರ ಇದೆಯೇ ಎಂದು ವಿಚಾರಿಸಬೇಕು. ಅಮೆರಿಕದಿಂದ ಮಕ್ಕಳು ತಂದುಕೊಡುವ ಸೆಟ್ಟುಗಳು ಸಾಮಾನ್ಯವಾಗಿ 462 ಮತ್ತು 467ರ ಪಟ್ಟಿಯವು. ಅಲ್ಲಿ ಲೈಸೆನ್ಸು ಬೇಡದಿದ್ದರೂ ಇಲ್ಲಿ ಬೇಕು. ಗುಂಡಿಗಳು ತುಂಬಿದ, ಬೇಕಾದ ತರಂಗಕ್ಕೆ ತಿರುಗಿಸಬಲ್ಲ ಐದು ವ್ಯಾಟಿನ ಅಗ್ಗದ ಸೆಟ್ಟುಗಳು ಪೊಲೀಸರ, ಅಗ್ನಿಶಾಮಕದವರ ಮಾತಿಗೆ ಅಡ್ಡಬರಬಹುದು. ಅಂಥವನ್ನು ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದವರು ತಮ್ಮ ಪಟ್ಟಿಯಲ್ಲಿ ಬಳಸಲಿ. ಇವುಗಳ ಅಕ್ರಮ ಮಾರಾಟದ ಬಗ್ಗೆ 2025ರ ಮೇ ತಿಂಗಳಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ 13 ನೋಟೀಸು ಕೊಟ್ಟಿತ್ತು.

ಕೊನೆಗೆ ಸಿಂಹಸ್ಥದ ಮಾತು. 2003ರ ಆಗಸ್ಟ್ 27ರಂದು ನಾಸಿಕದಲ್ಲಿ ಸ್ನಾನದ ದಿನ ರಾಮಕುಂಡದ ಕಡೆಗಿನ ಇಕ್ಕಟ್ಟಿನ ದಾರಿಯಲ್ಲಿ ನೂಕುನುಗ್ಗಲಾಗಿ 39 ಜನ ಸತ್ತರು. ಅಂಥ ಗದ್ದಲದಲ್ಲಿ ಮೊಬೈಲು ಗೋಪುರಗಳ ಮೇಲೆ ಭಾರ ಬಿದ್ದು ಫೋನು ಸಿಗದಿರುವುದುಂಟು. ವಾಕಿಟಾಕಿಗೆ ಗೋಪುರ ಬೇಡ. ಅದೇ ಅದರ ದೊಡ್ಡ ಗುಣ. ಆದರೆ ಈ ಪಟ್ಟಿಯಲ್ಲಿ ಇರುವುದು ಹದಿನಾರೇ ಚಾನೆಲ್ಲು. ನಮ್ಮ ಹಾಗೆ ನೂರಾರು ಸಂಸಾರಗಳು ಅದನ್ನೇ ಹಿಡಿದು ಬಂದರೆ ಅಲ್ಲಿಯೂ ನೂಕುನುಗ್ಗಲೇ. ‘ಗುಪ್ತ ಕೋಡು’ ಎಂದು ಮಾರುವುದು ಬೇರೆಯವರ ದನಿಯನ್ನು ನಮ್ಮ ಕಿವಿಗೆ ಬೀಳದಂತೆ ಮಾಡುತ್ತದೆ, ಅಷ್ಟೆ. ನಮ್ಮ ಮಾತನ್ನು ಯಾರು ಬೇಕಾದರೂ ಕೇಳಬಹುದು.

ಆದ್ದರಿಂದ ಹುಡುಗನಿಗೆ ಹೀಗೆ ಹೇಳಿದೆ: “ಸೆಟ್ಟು ಕೊಳ್ಳಪ್ಪಾ, ಬೇಡವೆನ್ನುವುದಿಲ್ಲ. ಸಂಭಾಜಿನಗರದ ದಾರಿಯಲ್ಲಿ ಹಿಂದೆ ಮುಂದೆ ಹೋಗುವ ಎರಡು ಕಾರಿಗೆ ಅದು ಬಹಳ ಒಳ್ಳೆಯದು. ಸಹ್ಯಾದ್ರಿಯ ಕೋಟೆ ಹತ್ತುವಾಗ ಇನ್ನೂ ಒಳ್ಳೆಯದು. ಮೊದಲು ನಿನ್ನ ಓಣಿಯಲ್ಲೇ ನಡೆದು ಎಲ್ಲಿ ಮಾತು ನಿಲ್ಲುತ್ತದೆಂದು ನೋಡಿಕೋ. ರಾಮಕುಂಡದಲ್ಲಿ ಮಾತ್ರ ಅಜ್ಜಿಯ ಸೆರಗಿನ ಒಳಗೆ ನಿನ್ನ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಕೂಡುವ ಜಾಗ ಮೊದಲೇ ಗೊತ್ತಾಗಿರಲಿ. ಸ್ನಾನಕ್ಕೆ ಮುಖ್ಯ ಪರ್ವದ ದಿನ ಬಿಟ್ಟು ಬೇರೆ ದಿನ ನೋಡು.”

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮನೇ ನನ್ನ ಕೈಯಿಂದ ಫೋನು ಕಸಿದುಕೊಂಡು, “ನಿನ್ನ ಯಂತ್ರ ನಿನ್ನ ಚಿಕ್ಕಪ್ಪನಿಗೆ ಕೊಡೋ. ನೀನು ನನ್ನ ಕೈ ಹಿಡಿದುಕೊಂಡಿರು, ಸಾಕು” ಎಂದರು.