ಇಸ್ಪೀಟಾಟ, ಕರ್ನಾಟಕದಲ್ಲಿ

ಐವತ್ತೆರಡು ಎಲೆಗಳ ಕಟ್ಟಿನಿಂದ ಆಡುವ ಆಟಗಳಿಗೆ ಕನ್ನಡದಲ್ಲಿ ಇಸ್ಪೀಟಾಟ ಎಂಬುದು ಸಾಮಾನ್ಯ ಹೆಸರು. ರಾಜ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವವು ರಮ್ಮಿ, ಮೂರೆಲೆ, ಅಂದರ್-ಬಾಹರ್. ಕರಾವಳಿಯಲ್ಲೂ ಕಾಸರಗೋಡಿನ ಕಡೆಯೂ ಇಪ್ಪತ್ತೆಂಟು. ಇಪ್ಪತ್ತೊಂದರ ಆಟ, ಅಂದರೆ ಬ್ಲ್ಯಾಕ್‌ಜ್ಯಾಕ್, ಗೋವಾದ ಕ್ಯಾಸಿನೊಗಳಿಂದಲೂ ಮೊಬೈಲಿನಿಂದಲೂ ಕನ್ನಡಿಗರಿಗೆ ಪರಿಚಯವಾದದ್ದು. ಈ ಆಟಗಳ ಚರಿತ್ರೆಗೆ ಸಿಗುವ ಆಧಾರಗಳು ಮುಖ್ಯವಾಗಿ ಎರಡು ಕಡೆ ಇವೆ: ಮೈಸೂರು ಅರಮನೆಯ ಹಸ್ತಪ್ರತಿಗಳಲ್ಲಿ ಮತ್ತು ಪೊಲೀಸ್ ಠಾಣೆ, ನ್ಯಾಯಾಲಯಗಳ ಕಡತಗಳಲ್ಲಿ. ಇವೆರಡರ ನಡುವೆ ಜನ ನಿಜವಾಗಿ ಹೇಗೆ ಆಡಿದರು, ಹೇಗೆ ಕಲಿತರು ಎಂಬುದು ಬಹುಪಾಲು ಬಿಟ್ಟುಹೋಗಿದೆ.

ಗಂಜೀಫಾ ಮತ್ತು ಅರಮನೆಯ ಛದಗಳು

ಎಲೆಯಾಟಕ್ಕೆ ಮೊದಲು ಇಲ್ಲಿ ಪಗಡೆ, ದಾಳಗಳ ಜೂಜು ಇದ್ದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಜೊತೆಗೆ ಇವುಗಳ ವಿವರಣೆಯಿದೆ. ಅದು ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳರ ದೇವಾಲಯಗಳು ಏಳುತ್ತಿದ್ದ ಹನ್ನೆರಡನೆಯ ಶತಮಾನದ ಮೊದಲ ಭಾಗ. ಆಗ ಭಾರತದಲ್ಲಿ ಎಲೆಯಾಟ ಇದ್ದುದಕ್ಕೆ ಆಧಾರವಿಲ್ಲ.

ಎಲೆಗಳು ಬಂದದ್ದು ಎರಡು ದಾರಿಯಲ್ಲಿ. ಹಲವು ಬರಹಗಳು ಇವೆರಡನ್ನು ಒಂದೇ ಎಂದು ತಿಳಿದು ಗೊಂದಲ ಮಾಡಿವೆ. ದುಂಡನೆಯ ಗಂಜೀಫಾ ಮೊಗಲರೊಂದಿಗೆ ಹರಡಿತು. 1527ರಲ್ಲಿ ಬಾಬರ್ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಕಳುಹಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಆಯತಾಕಾರದ ಇಸ್ಪೀಟು ಯುರೋಪಿನದು. ಅದು ಮೊದಲು ಪೋರ್ಚುಗೀಸರೊಂದಿಗೆ ಪಶ್ಚಿಮ ಕರಾವಳಿಗೆ ಬಂದಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೊಗಲ್ ಗಂಜೀಫಾದಲ್ಲಿ 8 ಬಣ್ಣ, 96 ಎಲೆ. ದಶಾವತಾರ ಗಂಜೀಫಾದಲ್ಲಿ 10 ಬಣ್ಣ, 120 ಎಲೆ. ಪ್ರತಿ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ಅರ್ಧ ಬಣ್ಣಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದು ದೊಡ್ಡದು. ಯಾವ ಎಲೆ ಆಗಲೇ ಬಿದ್ದಿದೆ ಎಂಬುದನ್ನು ನೆನಪಿಟ್ಟವನೇ ಗೆಲ್ಲುವ ಆಟವಿದು.

ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾವನ್ನೇ ಬಹಳ ದೂರ ಬೆಳೆಸಿದರು. ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಅವರ ಬಹಳಷ್ಟು ಹೊತ್ತು ಗ್ರಂಥರಚನೆಗೂ ಆಟಗಳ ಕಲ್ಪನೆಗೂ ಸಂದಿತು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಈ ಎಲೆಯಾಟಗಳು ‘ಛದ’ ಎಂಬ ಹೆಸರಿನಲ್ಲಿ ಬರುತ್ತವೆ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಮೊದಲಾದವು ಇವುಗಳ ಹೆಸರುಗಳು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳಿದ್ದವು; ಬಣ್ಣಗಳು ಹದಿನೆಂಟರವರೆಗೆ ಹೋದವು. ಯಾವಾಗಲೂ ತುರುಫಾಗಿಯೇ ಇರುವ ಬಣ್ಣ, ಯಾವ ಎಲೆಯ ಬದಲಿಗಾದರೂ ನಿಲ್ಲಬಲ್ಲ ಎಲೆ ಇವೂ ಅಲ್ಲಿದ್ದವು.

ಈ ಛದಗಳನ್ನು ಅರಮನೆಯ ಹೊರಗೆ ಯಾರಾದರೂ ಆಡಿದರೇ ಎಂಬ ಬಗ್ಗೆ ಒಮ್ಮತವಿಲ್ಲ. ಮೈಸೂರಿನ ಜನ ಇವನ್ನು ಆಡುತ್ತಿದ್ದರೆಂದು ಪ್ರವಾಸಿ ಪುಸ್ತಕಗಳು ಸಲೀಸಾಗಿ ಬರೆಯುತ್ತವೆ. ಆದರೆ 360 ಎಲೆಗಳನ್ನು ಕೈಯಿಂದ ಚಿತ್ರಿಸಿ ಅರಗು ಹಚ್ಚುವ ಖರ್ಚನ್ನೂ ನಿಯಮಗಳ ತೊಡಕನ್ನೂ ನೋಡಿದರೆ, ಇವು ಅರಮನೆಯ ವಲಯದೊಳಗೇ ಉಳಿದವೆಂಬ ವಾದಕ್ಕೆ ಹೆಚ್ಚು ಬಲವಿದೆ. ಎಲೆ ಬರೆಯುವ ಕಲೆ ಮಾತ್ರ ಉಳಿದುಕೊಂಡು, ಇಂದು ‘ಮೈಸೂರು ಗಂಜೀಫಾ’ ಎಂಬ ಭೌಗೋಳಿಕ ಗುರುತನ್ನು ಪಡೆದಿದೆ. ಆಟ ಹೋಗಿ ಚಿತ್ರ ಉಳಿದದ್ದು ದೊಡ್ಡ ನಷ್ಟವೆಂದೇ ಹೇಳಬೇಕು.

ಹಳ್ಳಿಯ ಅಂಕಣ

ಇಸ್ಪೀಟು ಹಳ್ಳಿಗಳಿಗೆ ಹರಡಿದ್ದು ಅಗ್ಗದ ಮುದ್ರಿತ ಕಟ್ಟುಗಳಿಂದ. ಹಾಸನ, ಮಂಡ್ಯ, ತುಮಕೂರು ಸೀಮೆಯಲ್ಲಿ ಅದಕ್ಕೆ ಹಬ್ಬವೂ ಒದಗಿತು. ಯುಗಾದಿ, ಅದರ ಮರುದಿನದ ಹೊಸತೊಡಕು ಬಂತೆಂದರೆ ಅರಸೀಕೆರೆ, ಬೇಲೂರು ತಾಲ್ಲೂಕುಗಳ ಹಳ್ಳಿಗಳಲ್ಲೂ ಅರಳಿಕಟ್ಟೆ, ತೋಟದ ನೆರಳುಗಳಲ್ಲಿ ಎಲೆ ಬೀಳುತ್ತದೆ. ವರ್ಷವಿಡೀ ಎಲೆ ಮುಟ್ಟದವರೂ ಅಂದು ಕೂರುತ್ತಾರೆ. ಹಬ್ಬದ ಮುಂಚೆ ಪೊಲೀಸರು ಎಚ್ಚರಿಕೆ ಕೊಡುವುದು, ಹಬ್ಬದ ಮರುದಿನ ಪತ್ರಿಕೆಗಳಲ್ಲಿ ದಾಳಿಯ ಸುದ್ದಿ ಬರುವುದು ಎರಡೂ ರೂಢಿಯಾಗಿವೆ. ಆ ಸುದ್ದಿಗಳಿಗೆ ಒಂದೇ ಅಚ್ಚು: ಇಷ್ಟು ಮಂದಿಯ ಬಂಧನ, ಪಣಕ್ಕಿಟ್ಟ ನಗದು, 52 ಇಸ್ಪೀಟೆಲೆ, ನೆಲಕ್ಕೆ ಹಾಸಿದ ಹಳೆಯ ನ್ಯೂಸ್‌ಪೇಪರಿನ ಜಪ್ತಿ. ಆಟ ಹೇಗೆ ನಡೆಯುತ್ತಿತ್ತು, ನಿಯಮವೇನು, ಹಂಚುವವನಿಗೆ ಸಲ್ಲುವ ಪಾಲೆಷ್ಟು ಎಂಬ ಮಾತು ಅಲ್ಲಿ ಬರುವುದಿಲ್ಲ.

ಇಂಥ ಅಂಕಣಗಳಲ್ಲಿ ಹೆಚ್ಚು ನಡೆಯುವುದು ಅಂದರ್-ಬಾಹರ್. ಇದು ಬೆಂಗಳೂರಿನಲ್ಲಿ ಹುಟ್ಟಿತೆಂದು ಜೂಜಿನ ಬಗೆಗಿನ ಬರಹಗಳು ಒಂದನ್ನೊಂದು ನೋಡಿ ಬರೆಯುತ್ತ ಬಂದಿವೆ. ಮೂಲ ದಾಖಲೆಯನ್ನು ಅವು ಕೊಡುವುದಿಲ್ಲ. ಇದೇ ಆಟ ತಮಿಳುನಾಡಿನಲ್ಲಿ ಮಂಗಾತ್ತ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವುದರಿಂದ ಬೆಂಗಳೂರಿನ ಹುಟ್ಟನ್ನು ಊಹೆಯೆಂದೇ ಇಟ್ಟುಕೊಳ್ಳುವುದು ಸರಿ.

ಆಟ ಸರಳ. ಒಂದು ಎಲೆಯನ್ನು ಮಧ್ಯದಲ್ಲಿ ತೆರೆದಿಟ್ಟು, ಒಳಗೆ ಒಂದು ಹೊರಗೆ ಒಂದು ಎಂದು ಹಂಚುತ್ತ ಹೋಗುತ್ತಾರೆ. ಅದೇ ಅಂಕಿಯ ಎಲೆ ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆಗೆ ಗೆಲುವು. ಆಡುವವನ ಕೈಯಲ್ಲಿರುವುದು ಯಾವ ಕಡೆ ಎಂಬ ಆಯ್ಕೆ ಒಂದೇ. ಆದರೂ ಎರಡು ಕಡೆಯೂ ಸಮವಲ್ಲ. ಉಳಿದ 51 ಎಲೆಗಳಲ್ಲಿ ಹೊಂದುವವು ಮೂರು. ಲೆಕ್ಕ ಹಾಕಿದರೆ ಮೊದಲ ಎಲೆ ಬೀಳುವ ಕಡೆ ನೂರಕ್ಕೆ 51.5 ಸಲ, ಇನ್ನೊಂದು ಕಡೆ 48.5 ಸಲ ಗೆಲ್ಲುತ್ತದೆ. ಮೊದಲ ಕಡೆಗೆ ಕಟ್ಟಿ ಗೆದ್ದವನಿಗೆ ಹಣ ಕೊಡುವಾಗ ಹಂಚುವವನು ಕಮಿಷನ್ ಮುರಿದುಕೊಳ್ಳುವ ಪದ್ಧತಿ ಈ ಅಂತರವನ್ನು ನುಂಗಿಹಾಕುತ್ತದೆ.

ಇಪ್ಪತ್ತೆಂಟು ಇದಕ್ಕೆ ತೀರ ಬೇರೆ. 32 ಎಲೆಗಳ ಈ ಆಟದಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1 ಅಂಕ. ನಾಲ್ಕು ಬಣ್ಣ ಸೇರಿ 28. ಜೊತೆಗಾರನೊಂದಿಗೆ ಕೂಗಿ, ತುರುಫು ಬಚ್ಚಿಟ್ಟು ಆಡುವ ಇದು ಹೆಚ್ಚಾಗಿ ಹಣವಿಲ್ಲದೆಯೇ ನಡೆಯುತ್ತದೆ.

ಇಪ್ಪತ್ತೊಂದರ ಆಟ

ಈ ಆಟದ ಅತಿ ಹಳೆಯ ಲಿಖಿತ ಉಲ್ಲೇಖಗಳಲ್ಲೊಂದು ಸ್ಪೇನಿನ ಸರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿದೆ. ಆಟ ಫ್ರಾನ್ಸಿನಲ್ಲಿ ಬೆಳೆದು ಅಮೆರಿಕಕ್ಕೆ ಹೋಗಿ ಬ್ಲ್ಯಾಕ್‌ಜ್ಯಾಕ್ ಎಂಬ ಹೆಸರು ಪಡೆಯಿತು. ಎರಡರಿಂದ ಹತ್ತರವರೆಗಿನ ಎಲೆಗಳಿಗೆ ಅವುಗಳ ಅಂಕಿಯೇ ಬೆಲೆ. ರಾಜ, ರಾಣಿ, ಗುಲಾಮರಿಗೆ ತಲಾ 10. ಎಕ್ಕ 1 ಅಥವಾ 11. ಆಟಗಾರನಿಗೂ ಡೀಲರ್‌ಗೂ ಎರಡೆರಡು ಎಲೆ. ಡೀಲರನ ಒಂದು ಎಲೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಇಪ್ಪತ್ತೊಂದಕ್ಕೆ ಹತ್ತಿರ ಬಂದವನಿಗೆ ಗೆಲುವು, ದಾಟಿದವನ ಕೈ ಸತ್ತಂತೆ. ಡೀಲರ್ 16ರವರೆಗೆ ಎಲೆ ಎತ್ತಲೇಬೇಕು, 17ಕ್ಕೆ ನಿಲ್ಲಬೇಕು. ಅವನಿಗೆ ಆಯ್ಕೆಯಿಲ್ಲ, ಆಟಗಾರನಿಗಿದೆ. ಆದರೆ ಮೊದಲು ಆಡುವವನು ಆಟಗಾರ. ಅವನು 21 ದಾಟಿದೊಡನೆ ಹಣ ಹೋಯಿತು, ಆಮೇಲೆ ಡೀಲರನೂ ದಾಟಿದರೂ ಅದು ವಾಪಸಾಗದು. ‘ಮನೆ’ಯ, ಅಂದರೆ ಆಟ ನಡೆಸುವ ಕ್ಯಾಸಿನೊದ, ಲಾಭ ಅಡಗಿರುವುದು ಇಲ್ಲಿ.

ಆಯ್ಕೆಗಳ ಲೆಕ್ಕ ಸರಿಯಾಗಿ ಆದದ್ದು 1956ರಲ್ಲಿ. ಅಮೆರಿಕದ ಸೇನೆಯ ಅಬರ್ಡೀನ್ ನೆಲೆಯಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟೀ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಕ್ಯಾಲ್ಕುಲೇಟರ್‌ಗಳಿಂದ ಅದನ್ನು ಹಾಕಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1962ರಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್ ‘ಬೀಟ್ ದ ಡೀಲರ್’ ಪುಸ್ತಕದಲ್ಲಿ, ಬಿದ್ದುಹೋದ ಎಲೆಗಳ ಲೆಕ್ಕ ಇಟ್ಟರೆ ಮನೆಯನ್ನೂ ಮೀರಬಹುದೆಂದು ತೋರಿಸಿದರು.

ಆ ನಾಲ್ವರ ಲೆಕ್ಕದಿಂದ ಬಂದ ಆಯ್ಕೆಗಳ ಮೂಲತಂತ್ರದ ತಿರುಳು ಡೀಲರನ ಕಾಣುವ ಎಲೆ. ಕೈಯಲ್ಲಿ 12ರಿಂದ 16 ಇದ್ದು ಡೀಲರನ ಎಲೆ 2ರಿಂದ 6 ಆಗಿದ್ದರೆ ನಿಲ್ಲಬೇಕು (12 ಇದ್ದಾಗ 2, 3ರ ಎದುರು ಮಾತ್ರ ಎತ್ತಬೇಕು), ಏಕೆಂದರೆ 5 ಅಥವಾ 6 ತೋರಿಸುವ ಡೀಲರ್ ನೂರಕ್ಕೆ ಸುಮಾರು 42 ಸಲ ತಾನೇ 21 ದಾಟುತ್ತಾನೆ. ಅವನ ಎಲೆ 7 ಅಥವಾ ಮೇಲಿನದಾದರೆ 17 ಆಗುವವರೆಗೆ ಎತ್ತಬೇಕು. ಎಂಟರ ಜೋಡಿಯನ್ನೂ ಎಕ್ಕದ ಜೋಡಿಯನ್ನೂ ಎರಡು ಕೈಗಳಾಗಿ ಒಡೆಯಬೇಕು, ಹತ್ತರದನ್ನೂ ಐದರದನ್ನೂ ಒಡೆಯಬಾರದು. ‘ಇನ್ಶೂರೆನ್ಸ್’ ಎಂಬ ಪಕ್ಕದ ಪಣ ಕಟ್ಟಬಾರದು. ಅತಿ ಕಷ್ಟದ ಕೈ ಎಂದರೆ ಹತ್ತರ ಎದುರಿನ 16. ಎತ್ತಿದರೆ ಹದಿಮೂರು ಬಗೆಯ ಎಲೆಗಳಲ್ಲಿ ಎಂಟು ಕೈಯನ್ನು ಸಾಯಿಸುತ್ತವೆ. ಎತ್ತದಿದ್ದರೆ ಡೀಲರ್ ಬಹುಪಾಲು ಗೆಲ್ಲುತ್ತಾನೆ. ಎರಡರಲ್ಲೂ ನಷ್ಟವೇ, ಎತ್ತುವುದರಲ್ಲಿ ಕೂದಲೆಳೆಯಷ್ಟು ಕಡಿಮೆ. ಇವೆಲ್ಲವನ್ನೂ ತಪ್ಪದೆ ಪಾಲಿಸಿದರೂ, ಒಳ್ಳೆಯ ನಿಯಮಗಳ ಮೇಜಿನಲ್ಲಿ ಕಟ್ಟಿದ ನೂರು ರೂಪಾಯಿಗೆ ಸರಾಸರಿ ಅರ್ಧ ರೂಪಾಯಿಯಷ್ಟು ಮನೆಗೇ ಹೋಗುತ್ತದೆ. ಮೂಲತಂತ್ರದ ಕಲಿಕೆ ಸೋಲನ್ನು ಕುಗ್ಗಿಸುತ್ತದೆ, ಗೆಲುವನ್ನು ತರುವುದಿಲ್ಲ. ಕಲಿಸುವವರು ಮೊದಲು ಹೇಳಬೇಕಾದ ಮಾತು ಇದು.

ಕನ್ನಡಿಗರಿಗೆ ಕಾನೂನುಬದ್ಧವಾಗಿ ಈ ಮೇಜು ಸಿಗುವ ಹತ್ತಿರದ ಜಾಗ ಗೋವಾ. ಅಲ್ಲಿನ 1976ರ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ಆದ ತಿದ್ದುಪಡಿಗಳಿಂದ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಅನುಮತಿ ಬಂತು.

ಕೌಶಲವೋ ಅದೃಷ್ಟವೋ

ಕಾನೂನಿನ ಚರಿತ್ರೆಯಲ್ಲಿ ನಿಜವಾದ ತಿರುವು ಸುಪ್ರೀಂ ಕೋರ್ಟ್‌ನ ಸತ್ಯನಾರಾಯಣ ಪ್ರಕರಣ. ಇದನ್ನು ಕೆಲವರು 1967 ಎಂದೂ ಕೆಲವರು 1968 ಎಂದೂ ಬರೆಯುತ್ತಾರೆ. ತೀರ್ಪು ಬಂದದ್ದು 1967ರ ನವೆಂಬರ್‌ನಲ್ಲಿ, ಕಾನೂನು ವರದಿಗಳಲ್ಲಿ ಅಚ್ಚಾದದ್ದು 1968ರಲ್ಲಿ. ಬಿದ್ದ ಎಲೆಗಳನ್ನು ನೆನಪಿಟ್ಟು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂದು ತೀರ್ಮಾನಿಸಬೇಕಾದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದೂ, ಮೂರೆಲೆಯಾಟ ಬರೀ ಅದೃಷ್ಟದ್ದೆಂದೂ ನ್ಯಾಯಾಲಯ ಹೇಳಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಮು ಕೌಶಲದ ಆಟಗಳಿಗೆ ರಿಯಾಯಿತಿ ಕೊಡುತ್ತದೆ. ನಗರಗಳ ಕ್ಲಬ್ಬುಗಳಲ್ಲಿ ರಮ್ಮಿ ನಿಂತಿರುವುದು ಈ ಆಧಾರದ ಮೇಲೆ.

ಇಪ್ಪತ್ತೊಂದರ ಆಟ ಈ ವಿಂಗಡಣೆಯಲ್ಲಿ ಸಲೀಸಾಗಿ ಕೂರುವುದಿಲ್ಲ. ಅದರಲ್ಲಿ ತೀರ್ಮಾನಗಳಿವೆ, ನೆನಪಿನ ಕೆಲಸವಿದೆ. ಆದರೂ ಎದುರಾಳಿ ಮನೆಯೇ, ಮೂಲತಂತ್ರಕ್ಕೆ ಸರಾಸರಿ ಸೋಲೇ. ರಮ್ಮಿಯಲ್ಲಾದರೆ ಒಬ್ಬ ಆಟಗಾರ ಇನ್ನೊಬ್ಬನನ್ನು ಮೀರುತ್ತಾನೆ.

2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದವೂ ಸೇರಿ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಮೂರು ವರ್ಷ ಕಳೆದು ಕೇಂದ್ರವೇ ಮುಂದೆ ಬಂತು. ಸಂಸತ್ತು ಒಪ್ಪಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದೆ. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವರಿಗೆ ಶಿಕ್ಷೆಯಿಲ್ಲ. ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿ ಹಲವೆಡೆ ಸಲ್ಲಿಸಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಮೊಬೈಲಿನ ಆಟದ ಒಂದೊಂದು ನಡೆಯೂ ಕಂಪನಿಗಳ ಸರ್ವರುಗಳಲ್ಲಿ ದಾಖಲಾಗಿದೆ. ಯುಗಾದಿಯ ಅಂಕಣದ್ದು ಹಿರಿಯರ ಬಾಯಲ್ಲಷ್ಟೇ ಇದೆ. ಹಾಸನ ಸೀಮೆಯ ಹಳ್ಳಿಗಳಲ್ಲಿ ಆಡುವ ನಿಯಮಗಳನ್ನೂ ಕೂಗುವ ಪದಗಳನ್ನೂ ಅವರಿಂದಲೇ ಕೇಳಿ ಬರೆದಿಡುವ ಕೆಲಸವನ್ನು ಜಾನಪದ ಅಭ್ಯಾಸಿಗಳು ಬೇಗ ಕೈಗೆತ್ತಿಕೊಳ್ಳಬೇಕು.