ಕಟ್ಟುವವರು ಮತ್ತು ಮತ ಹಾಕುವವರು: ಕ್ಯಾಲಿಫೋರ್ನಿಯಾದ ಶಾಲಾ ತೆರಿಗೆ ನವೀಕರಣ

ಕ್ಯಾಲಿಫೋರ್ನಿಯಾದ ಅನೇಕ ಶಾಲಾ ಜಿಲ್ಲೆಗಳು ಕೆಲವು ವರ್ಷಗಳಿಗೊಮ್ಮೆ ಮತದಾರರ ಮುಂದೆ ನಿಂತು, ವಸೂಲಾಗುತ್ತಿರುವ ತೆರಿಗೆಯನ್ನೇ ಮುಂದುವರಿಸಲು ಒಪ್ಪಿಗೆ ಕೇಳುತ್ತವೆ. ಇದನ್ನು ಸ್ಥಳೀಯ ಪ್ರಜಾಪ್ರಭುತ್ವದ ಮಾದರಿಯೆಂದು ಹೊಗಳುವವರಿದ್ದಾರೆ. ಆದರೆ ಇಲ್ಲಿ ಕಟ್ಟುವವರೇ ಬೇರೆ, ತೀರ್ಮಾನಿಸುವವರೇ ಬೇರೆ ಆಗುವ ಸಂದರ್ಭಗಳು ಕಾನೂನಿನೊಳಗೇ ಇವೆ ಎಂಬುದು ಈ ಲೇಖನದ ವಾದ.

1978ರ ಜೂನ್‌ನಲ್ಲಿ ರಾಜ್ಯದ ಮತದಾರರಿಂದ ಅಂಗೀಕಾರವಾದ 13ನೆಯ ಪ್ರಸ್ತಾವವು ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇ. 1ಕ್ಕೆ ಮಿತಿಗೊಳಿಸಿತು. ಆಸ್ತಿ ಕೈಬದಲಾಗುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಸ್ಥಳೀಯ ಸಂಸ್ಥೆಗಳು ಮತಕ್ಕಿಡುವ ವಿಶೇಷ ತೆರಿಗೆಗೆ ಮೂರನೆಯ ಎರಡರಷ್ಟು ಮತ ಬೇಕು. ಬೆಲೆಗೆ ತಕ್ಕ ತೆರಿಗೆಯ ದಾರಿ ಮುಚ್ಚಿದಾಗ ಶಾಲಾ ಜಿಲ್ಲೆಗಳಿಗೆ ಉಳಿದದ್ದು ಪಾರ್ಸೆಲ್ ತೆರಿಗೆಯೆಂಬ ವಿಶೇಷ ತೆರಿಗೆ, ಅಂದರೆ ಒಂದು ಸ್ವತ್ತಿಗೆ ಇಷ್ಟು ಎಂಬ ಲೆಕ್ಕ. 2015ರಲ್ಲಿ ಪಾಲೊ ಆಲ್ಟೊದ ಮತದಾರರು ಈ ತೆರಿಗೆಯನ್ನು ಸ್ವತ್ತೊಂದಕ್ಕೆ ವರ್ಷಕ್ಕೆ 758 ಡಾಲರ್‌ನಂತೆ 6 ವರ್ಷಗಳಿಗೆ ನವೀಕರಿಸಿದರು. ಬಂಗಲೆಗೂ ಅಷ್ಟೇ, ಸಣ್ಣ ಮನೆಗೂ ಅಷ್ಟೇ. ಅಲಮೇಡಾ ಶಾಲಾ ಜಿಲ್ಲೆ 2008ರಲ್ಲಿ ವಸತಿ ಮತ್ತು ವಾಣಿಜ್ಯ ಸ್ವತ್ತುಗಳಿಗೆ ಬೇರೆ ಬೇರೆ ದರ ಹಾಕಿ ನೋಡಿತು. ತೆರಿಗೆ ಏಕರೂಪವಾಗಿರಬೇಕೆಂಬ ಕಾನೂನಿನಡಿ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಆ ವರ್ಗೀಕರಣವನ್ನು ಒಪ್ಪಲಿಲ್ಲ.

ಏಕರೂಪತೆಯನ್ನು ಇಷ್ಟು ಬಿಗಿಯಾಗಿ ಹಿಡಿದ ಕಾನೂನು ಒಂದು ಕಡೆ ಸಡಿಲವಾಗಿದೆ. 65 ದಾಟಿದ ಮನೆಯೊಡೆಯರಿಗೆ ವಿನಾಯಿತಿ ಕೊಡಲು ಅದು ಜಿಲ್ಲೆಗಳಿಗೆ ಅವಕಾಶ ಕೊಡುತ್ತದೆ. ಇದರಲ್ಲಿ ಕರುಣೆ ಇಲ್ಲವೆಂದಲ್ಲ, ಆದರೆ ಚುನಾವಣೆಯ ಲೆಕ್ಕಾಚಾರವೂ ಇದೆ. ಸ್ಥಳೀಯ ಚುನಾವಣೆಗಳಲ್ಲಿ ತಪ್ಪದೆ ಮತ ಹಾಕುವವರು ಹಿರಿಯರು. ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಬೇಡವೆಂದರೆ ಪ್ರಸ್ತಾವ ಬಿದ್ದುಹೋಗುತ್ತದೆ. ತಮ್ಮ ಜೇಬಿಗೆ ಕೈಹಾಕದ ತೆರಿಗೆಗೆ ಒಪ್ಪಿಗೆ ಕೊಡುವುದು ಹಿರಿಯರಿಗೆ ಸುಲಭ.

ಇನ್ನೊಂದು ತುದಿಯಲ್ಲಿ ವಲಸಿಗ ಪೋಷಕರಿದ್ದಾರೆ. ಸಿಲಿಕಾನ್ ಕಣಿವೆಯಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವ, ಕನ್ನಡಿಗರೂ ಸೇರಿದ ಭಾರತೀಯರಲ್ಲಿ ಹಲವರು ಒಳ್ಳೆಯ ಶಾಲೆ ನೋಡಿಯೇ ಮನೆ ಕೊಳ್ಳುತ್ತಾರೆ. ಪಾರ್ಸೆಲ್ ತೆರಿಗೆ ಪೂರ್ತಿ ಕಟ್ಟಿದರೂ ಪೌರತ್ವವಿಲ್ಲದ ಕಾರಣ ಮತವಿಲ್ಲ. ಪೌರತ್ವಕ್ಕೆ ಮೊದಲು ಬೇಕಾದ ಗ್ರೀನ್ ಕಾರ್ಡ್‌ಗೆ ಕಾಯುವಷ್ಟರಲ್ಲಿ ಎಷ್ಟೋ ಮಕ್ಕಳ ಶಾಲೆಯೇ ಮುಗಿದಿರುತ್ತದೆ. ಪ್ರಾತಿನಿಧ್ಯವಿಲ್ಲದೆ ತೆರಿಗೆ ಸಲ್ಲದೆಂದು ಬಂಡೆದ್ದ ದೇಶದಲ್ಲಿ ಈ ಗುಂಪಿನ ಬಗ್ಗೆ ನವೀಕರಣದ ಚರ್ಚೆಗಳು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ.

ಮೂರನೆಯ ಎರಡರ ನಿಯಮವೂ ಎಲ್ಲ ಕಡೆ ಒಂದೇ ರೀತಿ ಇಲ್ಲ. 2000ದಲ್ಲಿ 39ನೆಯ ಪ್ರಸ್ತಾವ ಶಾಲಾ ಕಟ್ಟಡಗಳ ಬಾಂಡ್‌ಗಳಿಗೆ ಶೇ. 55 ಮತ ಸಾಕೆಂದಿತು; ಪಾರ್ಸೆಲ್ ತೆರಿಗೆಗೆ ಆ ರಿಯಾಯಿತಿ ಸಿಗಲಿಲ್ಲ. ಆ ಬಾಂಡ್‌ಗಳ ಹಣವನ್ನು ಸಂಬಳಕ್ಕೆ ಬಳಸುವಂತೆಯೂ ಇಲ್ಲ. ಹೀಗಾಗಿ ಶೇ. 60 ಬೆಂಬಲವಿರುವ ಊರು ಹೊಸ ಪ್ರಯೋಗಾಲಯ ಕಟ್ಟಬಹುದು, ಆದರೆ ಅದರೊಳಗೆ ಪಾಠ ಹೇಳುವ ಶಿಕ್ಷಕರ ಸಂಬಳಕ್ಕೆ ಬರುತ್ತಿದ್ದ ತೆರಿಗೆಯನ್ನು ನವೀಕರಿಸಲಾರದು.